ಅಕ್ಕನ ಫಾಂಟು

ನಮ್ಮ ಆಫೀಸಿನಲ್ಲಿ ಅವನನ್ನು ಎಲ್ಲರೂ ಛತ್ರಿ ಎಂದೇ ಕರೆಯುತ್ತಿದ್ದೆವು. ಹೊಸದಾಗಿ ಕೆಲಸಕ್ಕೆ ಸೇರಿದವರು ಆ ಹೆಸರು ಕೇಳಿ, ಇವನ್ಯಾರೋ ಕಿಲಾಡಿ ಆಸಾಮಿ, ಸ್ವಲ್ಪ ಹುಷಾರಾಗಿರಬೇಕು ಅಂದುಕೊಳ್ಳುತ್ತಿದ್ದರು. ನಾಲ್ಕು ದಿನ ಪಕ್ಕದಲ್ಲಿ ಕೂತ ಮೇಲೆ ಅವರಿಗೇ ನಗು ಬರುತ್ತಿತ್ತು. ಇನ್ನೊಬ್ಬರ ಪೆನ್ನು ಅಪ್ಪಿತಪ್ಪಿ ಜೇಬಿಗೆ ಹೋದರೆ ಅರ್ಧ ದಾರಿಯಿಂದ ವಾಪಸ್ ಬಂದು ಕೊಟ್ಟುಹೋಗುವ ಜೀವ ಅದು.

ರಟ್ಟಿನ ಪೆಟ್ಟಿಗೆ, ಡಬ್ಬಿ, ಪೊಟ್ಟಣಗಳ ಮೇಲೆ ಏನೇನು ಅಚ್ಚಾಗಬೇಕೋ ಅದನ್ನು ವಿನ್ಯಾಸ ಮಾಡಿಕೊಡುವ ಆಫೀಸು ನಮ್ಮದು. ನಾನು ಅಲ್ಲಿ ಅಕ್ಷರದ ತಪ್ಪು ತಿದ್ದುವವನು. ಸೋಪಿನ ಡಬ್ಬಿಯ ಹೂವು, ಬಿಸ್ಕತ್ತಿನ ಪೊಟ್ಟಣದ ಮೇಲೆ ನಗುವ ಮಗು, ಇಂಥ ಕಣ್ಣಿಗೆ ಬೀಳುವ ಕೆಲಸವೆಲ್ಲ ಬೇರೆಯವರ ಪಾಲು. ಛತ್ರಿಯ ಪಾಲಿಗೆ ಬಂದದ್ದು ಪೆಟ್ಟಿಗೆಯ ಕೆಳಮೂಲೆ. ಒಳಗೆ ಗಾಜಿದೆ ಎಂದು ಹೇಳುವ ಬಿರುಕುಬಿಟ್ಟ ಲೋಟ, ಈ ಕಡೆ ಮೇಲಿರಲಿ ಎನ್ನುವ ಬಾಣ, ಕೊಕ್ಕೆ ಹಾಕಬೇಡಿ ಎಂದು ಅಡ್ಡಗೆರೆ ಎಳೆಸಿಕೊಂಡ ಕೊಕ್ಕೆ, ನೆನೆಸಬೇಡಿ ಎನ್ನುವ ಛತ್ರಿ. ಮೊದಲೆಲ್ಲ ಈ ಚಿತ್ರಗಳನ್ನು ಯಾವುದೋ ಹಳೆ ಫೈಲಿನಿಂದ ಎತ್ತಿ ಅಂಟಿಸುತ್ತಿದ್ದರು. ಒಂದೇ ಪೆಟ್ಟಿಗೆಯ ಮೇಲೆ ಲೋಟ ದಪ್ಪ, ಛತ್ರಿ ತೆಳು, ಬಾಣ ಸೊಟ್ಟ. ಇವನಿಗೆ ಅದು ಹಲ್ಲಿನ ಸಂದಿಯಲ್ಲಿ ಸಿಕ್ಕಿಕೊಂಡ ನಾರಿನ ಹಾಗೆ. ಯಾರೂ ಕೇಳದಿದ್ದರೂ ಎಲ್ಲವನ್ನೂ ಒಂದೇ ಅಳತೆಯಲ್ಲಿ, ಒಂದೇ ದಪ್ಪದ ಗೆರೆಯಲ್ಲಿ ಹೊಸದಾಗಿ ಬರೆದು, ಸೇರಿಸಿ, ಒಂದು ಫಾಂಟ್ ಮಾಡಿಬಿಟ್ಟ.

ಫಾಂಟ್ ಅಂದರೆ ಅದರಲ್ಲಿ ಅಕ್ಷರಗಳೇ ಇರಬೇಕೆಂದಿಲ್ಲ. ಒಂದು ಕೀಲಿ ಒತ್ತಿದರೆ ಪರದೆಯ ಮೇಲೆ ಯಾವ ಆಕಾರ ಮೂಡಬೇಕು ಅನ್ನುವುದನ್ನು ಫಾಂಟ್ ತೀರ್ಮಾನಿಸುತ್ತದೆ, ಅಷ್ಟೆ. ಆ ಒಂದೊಂದು ಆಕಾರಕ್ಕೂ ಗ್ಲಿಫ್ ಅಂತ ಹೆಸರು. ಇವನ ಫಾಂಟ್ ಹಾಕಿಕೊಂಡು ‘ಗ’ ಒತ್ತಿದರೆ ಗಾಜಿನ ಲೋಟ, ‘ಬ’ ಒತ್ತಿದರೆ ಬಾಣ, ‘ಛ’ ಒತ್ತಿದರೆ ಛತ್ರಿ. ಬಹಳ ಅನುಕೂಲವಾಯಿತು. ತೊಂದರೆ ಒಂದೇ. ಆ ಫಾಂಟ್ ಇಲ್ಲದ ಕಂಪ್ಯೂಟರಿಗೆ ಫೈಲು ಹೋದರೆ, ಅದಕ್ಕೆ ಛತ್ರಿ ಗೊತ್ತಿರುವುದಿಲ್ಲ, ‘ಛ’ ಮಾತ್ರ ಗೊತ್ತಿರುತ್ತದೆ. ಒಂದು ಸಲ ಹಾಗೇ ಆಯಿತು. ಫಾಂಟನ್ನು ಜೊತೆಗೆ ಕಳಿಸುವುದನ್ನು ಯಾರೋ ಮರೆತರು, ಅಚ್ಚಿನ ಮನೆಯವರು ನೋಡದೆ ಹೊಡೆದರು. ಒಂದು ಲಾರಿ ತುಂಬ ಪೆಟ್ಟಿಗೆಗಳು ನಾಲ್ಕೂ ಮಗ್ಗುಲಲ್ಲಿ ದೊಡ್ಡದಾಗಿ ‘ಛ’, ‘ಛ’, ‘ಛ’ ಅನ್ನುತ್ತ ಗೋದಾಮಿಗೆ ಬಂದು ನಿಂತವು. ಯಜಮಾನರು ಅವುಗಳ ಮುಂದೆ ಸೊಂಟದ ಮೇಲೆ ಕೈಯಿಟ್ಟುಕೊಂಡು ನಿಂತು, ಪೆಟ್ಟಿಗೆಗಳೇ ನಮಗೆ ಛೀಮಾರಿ ಹಾಕ್ತಿವೆಯಲ್ಲ ಅಂದರಂತೆ. ಅವತ್ತಿನಿಂದ ಇವನು ಛತ್ರಿಯಾದ.

ಈ ಕಥೆಯನ್ನು ನನಗಿಂತ ಚೆನ್ನಾಗಿ ಹೇಳುತ್ತಿದ್ದವಳು ಅವನ ಅಕ್ಕ. ಪೆಟ್ಟಿಗೆಗಳ ದನಿ, ಯಜಮಾನರ ದನಿ, ಲಾರಿ ಡ್ರೈವರಿನ ದನಿ ಮೂರನ್ನೂ ಬೇರೆ ಬೇರೆ ಮಾಡಿ ಹೇಳುತ್ತಿದ್ದಳು. ಛತ್ರಿ ಪಕ್ಕದಲ್ಲಿ ಕೂತು, ಬೇರೆ ಯಾರದೋ ಕಥೆ ಕೇಳುವವನಂತೆ ನಗುತ್ತಿದ್ದ.

ಅಕ್ಕ ಅವನಿಗಿಂತ ಹತ್ತು ವರ್ಷ ದೊಡ್ಡವಳು. ಅಪ್ಪ ಅಮ್ಮ ಬೇಗ ಹೋದ ಮೇಲೆ ಅವನನ್ನು ಸಾಕಿದ್ದು, ಓದಿಸಿದ್ದು, ಜ್ವರ ಬಂದಾಗ ಬೈಯುತ್ತಲೇ ಪಕ್ಕದಲ್ಲಿ ಕೂತದ್ದು ಎಲ್ಲ ಅವಳೇ. ದೊಡ್ಡದೊಂದು ಹೋಟೆಲಿನ ಟೆಲಿಫೋನ್ ಬೋರ್ಡಿನಲ್ಲಿ ಕೂತು, ಬಂದ ಕರೆಯನ್ನು ಆಯಾ ಕೋಣೆಗೆ ದಾಟಿಸುವ ಕೆಲಸ ಮಾಡಿ ನಿವೃತ್ತಳಾಗಿದ್ದಳು. ಅಲ್ಲಿ ಇಳಿದುಕೊಂಡವರು ಹೊರಡುವಾಗ, ಫೋನಿನಲ್ಲಿ ಮಾತಾಡುವ ಆ ಹೆಂಗಸನ್ನು ಒಂದು ಸಲ ನೋಡಬಹುದೇ ಎಂದು ಕೇಳುತ್ತಿದ್ದರಂತೆ. ನೋಡಿದ ಮೇಲೆ ಪಾಪ ಅವರ ಮುಖ ಇಳಿದುಹೋಗುತ್ತಿತ್ತು ಅಂತ ಅವಳೇ ಹೇಳಿಕೊಂಡು ನಗುತ್ತಿದ್ದಳು. ದನಿ ಮಗಳದು, ಮುಖ ಅವಳ ಅಮ್ಮನದು ಅನ್ನುವ ಹಾಗೆ.

ಮನೆಗೆ ಬಂದರೂ ಆ ಬೋರ್ಡು ಬಂದಾಗುತ್ತಿರಲಿಲ್ಲ. ಬೀದಿಯಲ್ಲಿ ನೀರಿನ ಜಗಳವಾದರೆ ತೀರ್ಪು ಅಕ್ಕನದು. ಬಾಡಿಗೆ ಮನೆ ಯಾವುದು ಖಾಲಿ, ಯಾವ ಡಾಕ್ಟರು ಸಿಡುಕ, ಎಲ್ಲ ಅವಳ ಮೂಲಕವೇ ದಾಟಬೇಕು. ತಮ್ಮನ ಪಾಲಿನ ಮಾತನ್ನೂ ಅವಳೇ ಆಡುತ್ತಿದ್ದಳು. ಅಂಗಡಿಯವನು ಶರಟಿನ ಅಳತೆ ಕೇಳಿದರೆ ಉತ್ತರ ಅಕ್ಕನಿಂದ. ಕ್ಷೌರದವನು ಕತ್ತರಿ ಹಿಡಿದು ಎಷ್ಟು ತೆಗೆಯಲಿ ಅಂದರೆ ಹೊರಗಿನ ಬೆಂಚಿನಿಂದಲೇ ಅಕ್ಕ. ಒಂದು ಸಲ ಮದುವೆಯ ಮಾತುಕತೆ ನಡೆದಾಗ ಹುಡುಗಿಯ ಕಡೆಯವರು ಕೇಳಿದ್ದಕ್ಕೆಲ್ಲ ಅವಳೇ ಉತ್ತರ ಕೊಟ್ಟು, ಕೊನೆಗೆ ಆ ಹುಡುಗಿ, ನಾನು ಮದುವೆ ಆಗಬೇಕಾಗಿರೋದು ಅಕ್ಕನನ್ನೋ ತಮ್ಮನನ್ನೋ ಎಂದು ಕೇಳಿದಳಂತೆ. ಆ ಸಂಬಂಧ ಅಲ್ಲಿಗೇ ನಿಂತಿತು, ಮತ್ತೊಂದು ಬರಲಿಲ್ಲ. ಇಬ್ಬರಿಗೂ ಅದರ ಬಗ್ಗೆ ದೊಡ್ಡ ಕೊರಗೇನೂ ಇದ್ದಂತೆ ಕಾಣಲಿಲ್ಲ. ಮಹಡಿಯ ಮೇಲೆ ಎರಡು ಕೋಣೆ, ಕೆಳಗೆ ಬಟ್ಟೆ ಹೊಲಿಯುವ ಆಂಟಿಯ ಮನೆ, ಸಂಜೆ ರೇಡಿಯೋ, ಅದಕ್ಕಿಂತ ಜೋರಾಗಿ ಅಕ್ಕ.

ಒಂದು ಬೆಳಿಗ್ಗೆ ಅಕ್ಕ ಗ್ಯಾಸ್ ಸಿಲಿಂಡರ್ ತರುವವನನ್ನು ಫೋನಿನಲ್ಲಿ ತರಾಟೆಗೆ ತೆಗೆದುಕೊಳ್ಳುತ್ತಿದ್ದಳು. ಛತ್ರಿ ಸ್ನಾನದ ಮನೆಯಲ್ಲಿ ಗಡ್ಡ ಹೆರೆದುಕೊಳ್ಳುತ್ತಿದ್ದ. ಅಕ್ಕನ ಬೈಗುಳ ಅವನ ಕಿವಿಗೆ ಬೀಳುತ್ತಿತ್ತೇ ಹೊರತು ಅವನು ಕೇಳಿಸಿಕೊಳ್ಳುತ್ತಿರಲಿಲ್ಲ. ಮಾತಿನ ನಡುವೆ ಪದಗಳು ಕಲಸಿಹೋದವು. ದನಿ ಹಾಗೇ ಇತ್ತು, ಏರಿಳಿತ ಹಾಗೇ ಇತ್ತು, ಆದರೆ ಅದು ಯಾವ ಭಾಷೆಯೂ ಆಗಿರಲಿಲ್ಲ. ಅರ್ಧ ಕೆನ್ನೆಗೆ ನೊರೆ ಮೆತ್ತಿಕೊಂಡೇ ಅವನು ಹೊರಗೆ ಬಂದಾಗ ಅಕ್ಕ ಕುರ್ಚಿಯಲ್ಲಿ ಬಲಕ್ಕೆ ವಾಲಿದ್ದಳು. ಫೋನಿನ ಆ ಕಡೆಯವನು, ಅಮ್ಮ ತಮಾಷೆ ಮಾಡುತ್ತಿದ್ದಾರೆ ಅಂದುಕೊಂಡು ನಗುತ್ತಿದ್ದ.

ಆಸ್ಪತ್ರೆಯವರು ಜೀವ ಉಳಿಸಿಕೊಟ್ಟರು. ಬಲಗೈ, ಬಲಗಾಲು ಸೋತವು. ಮಾತು ಹೋಯಿತು, ಒಂದು ಪದ ಬಿಟ್ಟು. ಆ ಪದ ‘ಅಲ್ವಾ’. ಹಸಿವಾದರೂ ಅಲ್ವಾ, ಸಿಟ್ಟು ಬಂದರೂ ಅಲ್ವಾ, ಬಾಗಿಲಲ್ಲಿ ಯಾರಾದರೂ ಕಂಡರೂ ಅಲ್ವಾ. ರಾಗ ಮಾತ್ರ ಒಂದೊಂದಕ್ಕೂ ಬೇರೆ. ಅದರಿಂದ ಕೇಳುವವರಿಗೆ ಮೋಸವಾಗುತ್ತಿತ್ತು. ನಾನು ನೋಡಲು ಹೋದಾಗ ಬಸ್ಸಿನ ನೂಕುನುಗ್ಗಲು, ಆಫೀಸಿನ ಸುದ್ದಿ ಅಂತ ಏನೇನೋ ಹೇಳಿದೆ. ಅವಳು ಬೇಕಾದ ಜಾಗದಲ್ಲೆಲ್ಲ ಹುಬ್ಬೇರಿಸಿ, ತಲೆದೂಗಿ, ಅಲ್ವಾ ಅಂದಳು. ಪರವಾಗಿಲ್ಲ, ಚೆನ್ನಾಗೇ ಮಾತಾಡಿದಳಲ್ಲ ಅಂದುಕೊಳ್ಳುತ್ತ ಮೆಟ್ಟಿಲಿಳಿದೆ. ರಸ್ತೆ ದಾಟುವಾಗ ಹೊಳೆಯಿತು, ಅಷ್ಟೂ ಹೊತ್ತು ಮಾತಾಡಿದವನು ನಾನೊಬ್ಬನೇ.

ಮಾತಿನ ಚಿಕಿತ್ಸೆಗೆಂದು ಆಸ್ಪತ್ರೆಯಲ್ಲಿ ಒಬ್ಬರು ಮೇಡಂ ಇದ್ದರು. ಬೆರಳುಗಳ ಮೇಲೆ ಯಾವಾಗಲೂ ಸೀಮೆಸುಣ್ಣದ ಪುಡಿ ಇರುತ್ತಿತ್ತು, ನಿಧಾನವಾಗಿ ಮಾತಾಡುತ್ತಿದ್ದರು. ಅಕ್ಕನಿಗೆ ಆಡುವುದು ಮಾತ್ರವಲ್ಲ, ಬೇರೆಯವರು ಆಡಿದ್ದು ತಿಳಿಯುವುದೂ ಬಹಳ ಮಟ್ಟಿಗೆ ಹೋಗಿದೆ ಎಂದು ಅವರು ಮೊದಲ ವಾರವೇ ಹೇಳಿದ್ದರು. ಚಿತ್ರ ತೋರಿಸಿ ಕೇಳಬಹುದಲ್ಲವೇ ಎಂದು ಛತ್ರಿ ವಿಚಾರಿಸಿದ. ಅಷ್ಟು ಹೇಳಲಿಕ್ಕೇ ಅವನು ಬಾಗಿಲ ಹತ್ತಿರ ಎರಡು ಸಲ ಹೋಗಿ ಬಂದಿದ್ದನಂತೆ.

“ಚಿತ್ರಾನೂ ಒಂದು ಭಾಷೆನೇ,” ಅಂದರು ಮೇಡಂ. “ಮಾತು ಮುರಿದಿರೋ ಕಡೆ ಅದೂ ಮುರಿದಿರಬಹುದು. ಪ್ರಯತ್ನ ಮಾಡಿ. ಆದ್ರೆ ತುಂಬಾ ಆಸೆ ಇಟ್ಕೋಬೇಡಿ.”

ಅವನಿಗೆ ಕೇಳಿಸಿದ್ದು ಮೊದಲನೆಯ ವಾಕ್ಯ ಮಾತ್ರ. ಚಿತ್ರವೂ ಒಂದು ಭಾಷೆ. ಅದರಲ್ಲಿ ತನಗಿಂತ ಬಲ್ಲವರು ಯಾರು ಅನ್ನುವ ಹಾಗೆ, ಮರುದಿನದಿಂದಲೇ ಊಟದ ಹೊತ್ತಿನಲ್ಲಿ ಡಬ್ಬಿ ಪಕ್ಕಕ್ಕಿಟ್ಟು ಬರೆಯಲು ಕೂತ. ಹೊಸ ಫಾಂಟಿನ ಫೈಲಿಗೆ ಅವನು ಕೊಟ್ಟ ಹೆಸರು ‘ಅಕ್ಕ’.

ನೀರು, ಚಹಾ, ಹಾಸಿಗೆ, ಫ್ಯಾನು, ಕಿಟಕಿ ಇವೆಲ್ಲ ಸುಲಭವಾಗಿ ಬಂದವು. ಒಂದು ಸಣ್ಣ ಚೌಕದೊಳಗೆ, ಗೆರೆಯ ದಪ್ಪ ಒಂದು ಕೂದಲೂ ಹೆಚ್ಚುಕಡಿಮೆಯಾಗದಂತೆ ಕೂರಿಸುತ್ತಿದ್ದ. ಚಹಾದ ಕಪ್ಪಿನಿಂದ ಹೊಗೆ ಏಳಬೇಕೇ ಬೇಡವೇ ಎಂದು ನನ್ನನ್ನು ಕರೆದು ಕೇಳಿದ. ಹೊಗೆಯಿದ್ದರೆ ಅಕ್ಕ ಅದನ್ನು ಬೆಂಕಿ ಅಂದುಕೊಂಡಾಳು, ಇಲ್ಲದಿದ್ದರೆ ನೀರಿನ ಲೋಟದ ಹಾಗೇ ಕಂಡೀತು. ಹೊಲಿಗೆಯ ಆಂಟಿಗೆ ಕತ್ತರಿ ಬರೆದ. ತನಗೆ ಒಂದು ಜೊತೆ ಕನ್ನಡಕ. ಮಳೆಗೆ ಕೊಡೆ, ಮೇಲೆ ಮೂರು ಹನಿ. ನೋವನ್ನು ಬರೆಯುವಾಗ ಮಾತ್ರ ಸಿಕ್ಕಿಬಿದ್ದ. ಮಿಂಚಿನ ಗೆರೆ ಹಾಕಿದ, ಕರೆಂಟಿನ ಬೋರ್ಡಿನ ಹಾಗೆ ಕಂಡಿತು. ಬಾಗಿದ ಮನುಷ್ಯನನ್ನು ಹಾಕಿದ, ಏನೋ ಹುಡುಕುತ್ತಿರುವವನ ಹಾಗಾಯಿತು. ಕೊನೆಗೆ ಕಣ್ಣು ಮುಚ್ಚಿ ಹಲ್ಲು ಕಚ್ಚಿದ ಒಂದು ಮುಖ ಬರೆದು, ಇದೇ ಇರಲಿ ಅಂದ. ಬೇಸರಕ್ಕೆ ಏನೂ ಹೊಳೆಯಲಿಲ್ಲ, ಬಿಟ್ಟುಬಿಟ್ಟ.

ಗಟ್ಟಿ ರಟ್ಟಿನ ಮೇಲೆ ಅಚ್ಚು ಹಾಕಿ, ಮೇಲೆ ಪ್ಲಾಸ್ಟಿಕ್ ಹೊದಿಸಿ ಮನೆಗೆ ಒಯ್ದ. ಮೊದಲ ದಿನ ಅಕ್ಕ ಅದನ್ನು ತಟ್ಟೆ ಅಂದುಕೊಂಡು ತೊಡೆಯ ಮೇಲಿಟ್ಟುಕೊಂಡು ಕಾದಳಂತೆ. ಅವನು ಅವಳ ಎಡಗೈ ಹಿಡಿದು, ಕಪ್ಪಿನ ಮೇಲೆ ಬೆರಳಿಡಿಸಿ, ಚಹಾ ತಂದು ಕೊಟ್ಟ. ಮತ್ತೆ ಹಿಡಿದು, ಕಿಟಕಿಯ ಮೇಲೆ ಇಡಿಸಿ, ಕಿಟಕಿ ತೆರೆದ. ಕೆಲವು ವಾರ ಹೀಗೇ ನಡೆಯಿತು. ಆಮೇಲೊಂದು ದಿನ ಅವಳೇ, ಯಾರೂ ಕೈ ಹಿಡಿಯದೆ, ಬೆರಳು ಚಾಚಿ ಕಪ್ಪಿನ ಮೇಲಿಟ್ಟಳು. ಅವನು ಚಹಾ ತಂದ. ಅವಳು ಪೂರ್ತಿ ಕುಡಿದು, ಕಪ್ಪನ್ನು ವಾಪಸ್ ಕೊಟ್ಟು, ತೃಪ್ತಿಯಿಂದ ಅಲ್ವಾ ಅಂದಳು.

ಅದಾದ ಮೇಲೆ ಆ ರಟ್ಟಿನ ಬೋರ್ಡು ಅವರ ಮನೆಯಲ್ಲಿ ಮೂರನೆಯವರ ಹಾಗಾಯಿತು. ಒಂದು ಮಧ್ಯಾಹ್ನ ಅಕ್ಕ ಕೊಡೆಯ ಮೇಲೆ ಬೆರಳಿಟ್ಟಳು. ಹಗಲು ನೋಡಿಕೊಳ್ಳುತ್ತಿದ್ದ ಹೊಲಿಗೆಯ ಆಂಟಿ, ಇದೇನು ಬಿಸಿಲಲ್ಲಿ ಅಂದುಕೊಂಡು ಹೊರಗೆ ಇಣುಕಿದರೆ ಹನಿ ಶುರುವಾಗುತ್ತಿತ್ತು. ಓಡಿಹೋಗಿ ತಾರಸಿಯ ಮೇಲಿನ ಬಟ್ಟೆ ಎಳೆದು ತಂದಳು. ಸಂಜೆಯೊಳಗೆ ಬೀದಿಗೆಲ್ಲ ಸುದ್ದಿ. ನಮಗಿಂತ ಮೊದಲು ಅವರಿಗೇ ಮಳೆ ಗೊತ್ತಾಯ್ತು ಅಂತ ಆಂಟಿ ತನ್ನ ಗಿರಾಕಿಗಳಿಗೆ ಹೇಳುತ್ತಿದ್ದಳು.

ಛತ್ರಿಯೂ ಮಾತಾಡತೊಡಗಿದ. ಬೆಳಿಗ್ಗೆ ಬಂದವನೇ ಚೀಲ ಕೆಳಗಿಡುವ ಮೊದಲು, ನಮ್ಮಕ್ಕ ಇವತ್ತು ಫ್ಯಾನ್ ಕೇಳಿದ್ಲು, ನಿನ್ನೆ ನನ್ನೇ ಕೇಳಿದ್ಲು ಅನ್ನುತ್ತಿದ್ದ. ಅವನ ಬಾಯಲ್ಲಿ ಎರಡು ವಾಕ್ಯ ಒಟ್ಟಿಗೆ ಕೇಳಿದ್ದು ನಾವೆಲ್ಲ ಅದೇ ಮೊದಲು. ಬೋರ್ಡಿಗೆ ಹೊಸ ಚಿತ್ರಗಳು ಸೇರಿದವು, ಕೆಳಗೆ ಎರಡನೆಯ ಹಾಳೆ ಅಂಟಿತು. ಕಂಬಳಿ, ಬಾಚಣಿಗೆ, ಫೋಟೋ, ಹೊರಗೆ ಹೋಗೋಣ ಎನ್ನುವ ಚಪ್ಪಲಿ.

ಮೇಡಂ ಒಂದು ಸಲ ಅದೇ ಬೋರ್ಡನ್ನು ಅಕ್ಕನ ಮುಂದಿಟ್ಟು, ಬಾಚಣಿಗೆ ಎಲ್ಲಿದೆ ತೋರಿಸಿ ಅಂದರು. ಅಕ್ಕ ಕಿಟಕಿ ತೋರಿಸಿದಳು. ಕೈಯಲ್ಲಿ ನಿಜವಾದ ಬಾಚಣಿಗೆ ಹಿಡಿದು, ಇಂಥದ್ದು ಎಲ್ಲಿದೆ ಅಂದರು. ಅಕ್ಕ ನಗುತ್ತ ಮತ್ತೆ ಕಿಟಕಿ ತೋರಿಸಿದಳು. ಅವರು, ಇನ್ನೊಂದು ಸಲ ನೋಡೋಣ ಅಂದರು. ಛತ್ರಿಗೆ ಸಿಟ್ಟು ಬಂತು. ಅಕ್ಕನಿಗೆ ಪರೀಕ್ಷೆ ಅಂದರೆ ಆಗುವುದಿಲ್ಲ, ಮನೆಯಲ್ಲಿ ಸರಿಯಾಗಿ ತೋರಿಸುತ್ತಾಳೆ ಎಂದು ಅವರ ಮುಖಕ್ಕೇ ಹೇಳಿ ಎದ್ದುಬಂದ. ಅದನ್ನು ನಮಗೆ ವರದಿ ಮಾಡುವಾಗ ಅವನ ಕಿವಿ ಕೆಂಪಾಗಿತ್ತು.

ಆಮೇಲೆ ಬಂದದ್ದು ಟ್ಯಾಬ್ಲೆಟ್ಟಿನ ಯೋಚನೆ. ರಟ್ಟಿನ ಬೋರ್ಡು ಮೂಕ. ಚಿತ್ರ ಮುಟ್ಟಿದರೆ ಮಾತು ಕೇಳಿಸುವಂತಿದ್ದರೆ, ಅಡುಗೆಮನೆಯಲ್ಲಿದ್ದರೂ ಅಕ್ಕ ಕರೆದದ್ದು ತಿಳಿಯುತ್ತದೆ. ನನ್ನ ಮನೆಯಲ್ಲಿ ಹಳೆಯದೊಂದು ಟ್ಯಾಬ್ಲೆಟ್ ಬಿದ್ದಿತ್ತು, ತಂದುಕೊಟ್ಟೆ. ತನ್ನ ಫಾಂಟನ್ನು ಅದರೊಳಗೆ ಕೂರಿಸಲು ಬಹಳ ಒದ್ದಾಡಿದ. ಸದ್ದಿಗೆ ಅಕ್ಕನ ಹಳೆಯ ದನಿ ಎಲ್ಲಾದರೂ ಸಿಕ್ಕೀತೇ ಎಂದು ಹೋಟೆಲಿಗೂ ಹೋಗಿ ಕೇಳಿಬಂದ. ಅವರಲ್ಲಿ ಏನೂ ಉಳಿದಿರಲಿಲ್ಲ. ಕೊನೆಗೆ ತಾನೇ ಓದಿದ. ನಮ್ಮ ಆಫೀಸಿನ ಹಿಂದಿನ ಕೋಣೆಯಲ್ಲಿ, ಮಾದರಿ ಪೆಟ್ಟಿಗೆಗಳ ರಾಶಿಯ ನಡುವೆ ಬಾಗಿಲು ಹಾಕಿಕೊಂಡು, ನ್ಯಾಯಾಲಯದಲ್ಲಿ ಸಾಕ್ಷಿ ಹೇಳುವವನ ಹಾಗೆ, “ನೀರು. ಚಹಾ. ನೋವು. ಕಿಟಕಿ,” ಎಂದು ಒಂದೊಂದನ್ನೂ ಹತ್ತಾರು ಸಲ ಹೇಳಿ ಸರಿಮಾಡಿಕೊಂಡ.

ನಾನು ಅವರ ಮನೆಗೆ ಹೋದದ್ದು ಒಂದು ರಜೆಯ ಸಂಜೆ. ಅವನು ಅಡುಗೆಮನೆಯಲ್ಲಿ ಚಹಾ ಮಾಡುತ್ತಿದ್ದ. ಅಕ್ಕ ದಿಂಬಿಗೊರಗಿ ಕೂತಿದ್ದಳು, ಟ್ಯಾಬ್ಲೆಟ್ ತೊಡೆಯ ಮೇಲಿತ್ತು. ಹಿಂದಿನ ದಿನ ಅದು ತಾನಾಗಿಯೇ ಏನೋ ನವೀಕರಿಸಿಕೊಂಡು ಆರಿ ಹತ್ತಿತ್ತಂತೆ. ನಾನು ಪಕ್ಕದಲ್ಲಿ ಕೂತು ನೋಡಿದರೆ ಪರದೆಯ ಮೇಲೆ ಒಂದು ಚಿತ್ರವೂ ಇಲ್ಲ. ಲೋಟವಿಲ್ಲ, ಕಪ್ಪಿಲ್ಲ, ಕನ್ನಡಕವಿಲ್ಲ. ಸಾಲಿನ ಮೇಲೆ ಸಾಲು ಖಾಲಿ ಚೌಕಗಳು. ನನಗೆ ನೋಡಿದ ಕೂಡಲೇ ಗೊತ್ತಾಯಿತು. ಫಾಂಟ್ ಕಳಚಿಕೊಂಡಿದೆ. ಈ ಸಲ ಚಿತ್ರಗಳನ್ನು ಅವನು ಅಕ್ಷರದ ಕೀಲಿಗಳಿಗೆ ಕಟ್ಟಿರಲಿಲ್ಲ, ಹಾಗಾಗಿ ‘ಛ’ ಕೂಡ ಇಲ್ಲ. ಆಕಾರ ಸಿಗದ ಕಡೆ ಯಂತ್ರ ಹೀಗೆ ಖಾಲಿ ಚೌಕ ಹಾಕಿ ಕೈತೊಳೆದುಕೊಳ್ಳುತ್ತದೆ.

ಅವನನ್ನು ಕೂಗಬೇಕು ಅಂದುಕೊಳ್ಳುವಷ್ಟರಲ್ಲಿ ಅಕ್ಕ ನನ್ನ ಕಡೆ ನೋಡಿ ನಕ್ಕಳು. ಬಂದವರಿಗೆ ತನ್ನ ವಿದ್ಯೆ ತೋರಿಸುವ ಮಗುವಿನ ಗಂಭೀರ ಮುಖ ಮಾಡಿಕೊಂಡು, ಬೆರಳನ್ನು ಚೌಕಗಳ ಮೇಲೆ ಆಡಿಸಿ, ಯೋಚಿಸಿ, ಒಂದನ್ನು ಆರಿಸಿ ಒತ್ತಿದಳು. “ನೋವು,” ಅಂದಿತು ಟ್ಯಾಬ್ಲೆಟ್, ತಮ್ಮನ ದನಿಯಲ್ಲಿ. ಅವಳು ಸಂತೋಷದಿಂದ ಅಲ್ವಾ ಅಂದಳು. ಇನ್ನೊಂದು ಒತ್ತಿದಳು. “ಚಪ್ಪಲಿ.” ಮತ್ತೊಂದು. “ಚಹಾ.”

ತಲೆಯೆತ್ತಿ ನೋಡಿದೆ. ಛತ್ರಿ ಅಡುಗೆಮನೆಯ ಬಾಗಿಲಲ್ಲಿ ಎರಡು ಕಪ್ಪು ಹಿಡಿದು ನಿಂತಿದ್ದ. ಯಾವಾಗ ಬಂದನೋ. ಪರದೆ ಅವನಿಗೆ ಅಲ್ಲಿಂದ ಕಾಣುತ್ತಿತ್ತು.

ಕಪ್ಪುಗಳನ್ನು ಕಿಟಕಿಯ ಕಟ್ಟೆಯ ಮೇಲಿಟ್ಟು ಬಂದ. ಟ್ಯಾಬ್ಲೆಟ್ಟನ್ನು ಮೆಲ್ಲಗೆ ಅವಳ ಕೈಯಿಂದ ತೆಗೆದಿಟ್ಟು, ಹಳೆಯ ರಟ್ಟಿನ ಬೋರ್ಡನ್ನು ತಂದು, ತಲೆಕೆಳಗಾಗಿ ಅವಳ ತೊಡೆಯ ಮೇಲಿಟ್ಟ. ಅಕ್ಕ ಎಂದಿನ ಹಾಗೆ ಬೆರಳು ಚಾಚಿ ಎಡಗಡೆಯ ಮೇಲಿನ ಮೂಲೆಯಲ್ಲಿ ಇಟ್ಟಳು. ಎಷ್ಟೋ ಕಾಲದಿಂದ ಅಲ್ಲಿ ಕಪ್ಪಿತ್ತು. ಈಗ ಅಲ್ಲಿ ತಲೆಕೆಳಗಾದ ಕಂಬಳಿಯಿತ್ತು. ಅವನು ಬೋರ್ಡನ್ನು ಮಗುಚಿ ಬಿಳಿಯ ಹಿಂಬದಿಯನ್ನು ಮುಂದಿಟ್ಟ. ಅವಳು ಅದರ ಮೇಲೂ ಬೆರಳಿಟ್ಟಳು. ಇಟ್ಟು, ಅವನ ಮುಖ ನೋಡಿದಳು. ಅವನು ಯಾಕೆ ಏಳುತ್ತಿಲ್ಲ, ಯಾಕೆ ಖುಷಿಯಾಗಿ ಒಳಗೆ ಓಡುತ್ತಿಲ್ಲ ಎಂದು ಹುಡುಕುವ ಹಾಗೆ.

“ಅವಳಿಗೆ ಏನೂ ಬೇಕಾಗಿರಲಿಲ್ಲ,” ಅಂದ ಛತ್ರಿ ನನ್ನ ಕಡೆ ನೋಡದೆ. “ನನಗೆ ಬೇಕಿತ್ತು ಅಂತ ಒತ್ತುತ್ತಾ ಇದ್ಲು.”

ನಾನು ಸಮಾಧಾನ ಹೇಳಲು ಹೊರಟೆ. ಕೊಡೆಯ ವಿಷಯ ಎತ್ತಿದೆ. ಅವನು ತಲೆಯಾಡಿಸಿದ. ಅಷ್ಟು ಸಲ ಬೆರಳಿಟ್ಟರೆ ಒಂದು ಸಲ ಮಳೆ ಬರದೇ ಇರುತ್ತದೆಯೇ ಅಂದ. ಚಹಾ ಆರಿಹೋಯಿತು, ಯಾರೂ ಕುಡಿಯಲಿಲ್ಲ.

ಮರುದಿನ ಬೋರ್ಡನ್ನು ಕಪಾಟಿನ ಹಿಂದೆ ಸೇರಿಸಿಟ್ಟ. ಮೇಡಂ ಹತ್ತಿರ ಹೋಗಿ ತಾನಾಗಿಯೇ ಎಲ್ಲ ಹೇಳಿದ. ಮೊದಲೇ ಹೇಳಿದ್ದೆನಲ್ಲ ಎಂದು ಅವರು ಅನ್ನಲಿಲ್ಲ. ಚಿತ್ರ ಬಿಡಿ, ಅವರ ಮುಖ ನೋಡಿ, ಕೈ ನೋಡಿ, ನೀವು ಮಾತಾಡುತ್ತಿರಿ, ದನಿಯಾದರೂ ಅವರನ್ನು ಮುಟ್ಟುತ್ತದೆ ಅಂದರು. ಛತ್ರಿ ಮನೆಗೆ ಬಂದು ಅಕ್ಕನ ಮುಂದೆ ಕುರ್ಚಿ ಹಾಕಿಕೊಂಡು ಕೂತನಂತೆ. ಏನು ಮಾತಾಡುವುದು? ಐವತ್ತು ದಾಟಿದ ಮನುಷ್ಯ, ಒಂದು ಶರಟು ಕೊಳ್ಳಲು ಬೇಕಾದಷ್ಟು ಮಾತನ್ನೂ ಸ್ವಂತಕ್ಕೆ ಆಡಿದವನಲ್ಲ. ಇವತ್ತು ಬಸ್ಸು ತಡವಾಯಿತು ಅಂದ. ಅಕ್ಕ ಅಲ್ವಾ ಅಂದಳು. ಅದಕ್ಕಿಂತ ಮುಂದೆ ಅವನಿಗೆ ಹೋಗಲಾಗಲಿಲ್ಲ.

ಇಷ್ಟರಲ್ಲಿ ಅಕ್ಕ ಬೋರ್ಡಿಗಾಗಿ ಹುಡುಕಾಡಲು ಶುರು ಮಾಡಿದ್ದಳು. ಹಾಸಿಗೆ ತಡಕುತ್ತಿದ್ದಳು, ದಿಂಬಿನ ಕೆಳಗೆ ಕೈ ಹಾಕುತ್ತಿದ್ದಳು, ಸಿಗದಿದ್ದರೆ ಊಟ ಬೇಡವೆಂದು ತಟ್ಟೆ ದೂಡುತ್ತಿದ್ದಳು. ತನ್ನ ಕೆಲಸ ಕಿತ್ತುಕೊಂಡರು ಅನ್ನುವ ಹಾಗಿತ್ತು ಅವಳ ಮುಖ ಅಂತ ಆಂಟಿ ನನಗೆ ಹೇಳಿದಳು. ಛತ್ರಿ ಅದನ್ನು ಮತ್ತೆ ತಂದುಕೊಟ್ಟ. ಅವಳು ಬೆರಳಿಟ್ಟಳು. ಅಲ್ಲಿ ಏನಿದೆಯೋ ಅದನ್ನು ಅವನು ತಂದ. ಕಪ್ಪಿದ್ದರೆ ಚಹಾ, ಕಿಟಕಿಯಿದ್ದರೆ ಕಿಟಕಿ. ಅವಳಿಗೆ ಸಮಾಧಾನವಾಯಿತು. ಏನೂ ಇಲ್ಲವೆಂದು ಗೊತ್ತಿದ್ದೂ ದಿನವೂ ಅದನ್ನು ನಡೆಸಿಕೊಂಡು ಬಂದ. ಆಂಟಿಗೆ ನಿಜ ಹೇಳಲಿಲ್ಲ. ಅವಳು ಈಗಲೂ ಗಿರಾಕಿಗಳಿಗೆ ಮಳೆಯ ಕಥೆ ಹೇಳುತ್ತಿದ್ದಳು.

ಆ ವರ್ಷವೇ ನಮ್ಮ ಯಜಮಾನರು ಸಿದ್ಧ ಚಿಹ್ನೆಗಳನ್ನು ಒದಗಿಸುವ ಒಂದು ಸಂಗ್ರಹಕ್ಕೆ ಚಂದಾ ಕಟ್ಟಿದರು. ಪದ ಬರೆದರೆ ಸಾಕು, ಸಾವಿರ ಲೋಟ, ಸಾವಿರ ಬಾಣ ಸಾಲಾಗಿ ಬಂದು ನಿಲ್ಲುತ್ತಿದ್ದವು. ಛತ್ರಿಯ ಫಾಂಟ್ ಹೊಸ ಯಂತ್ರಗಳಲ್ಲಿ ತೆರೆದುಕೊಳ್ಳುತ್ತಲೂ ಇರಲಿಲ್ಲ. ಯಜಮಾನರು ಕೆಟ್ಟವರಲ್ಲ. ಹೇಗೂ ಮನೆಯಲ್ಲಿ ನಿನ್ನ ಅಗತ್ಯವಿದೆಯಲ್ಲ ಎಂದು ಹೆಗಲ ಮೇಲೆ ಕೈಯಿಟ್ಟು ಹೇಳಿದರು. ಅವನು ಸರಿ ಅಂದ. ಮೇಜಿನ ಖಾನೆ ಖಾಲಿ ಮಾಡುವಾಗ ಇಂಚುಪಟ್ಟಿಯನ್ನು ನನಗೆ ಕೊಟ್ಟು ಹೋದ.

ಮನೆಯಲ್ಲೇ ಇದ್ದದ್ದರಿಂದ ಅಕ್ಕನಿಗೆ ಇನ್ನೂ ಹತ್ತಿರವಾದ. ಅದೇ ಕಾಲಕ್ಕೆ ಅವಳು ಬೋರ್ಡನ್ನು ವಿಪರೀತ ಒತ್ತತೊಡಗಿದಳು. ಬೆರಳಲ್ಲ, ಇಡೀ ಅಂಗೈ. ಹೊಡೆದ ಹಾಗೆ. ಅವನು ನೀರು ಕೊಟ್ಟ, ಫ್ಯಾನು ಹಾಕಿದ, ಆರಿಸಿದ, ಕಿಟಕಿ ತೆರೆದ, ಮುಚ್ಚಿದ, ಕಂಬಳಿ ಹೊದಿಸಿದ. ಅವಳು ಮತ್ತೆ ಅಂಗೈ ಬಡಿದಳು. ಆಟಕ್ಕೆ ಹೊಸ ಹುರುಪು ಬಂದಿದೆ ಅಂದುಕೊಂಡು ಅವನೂ ಓಡಾಡಿದ. ಅಲ್ವಾ ಅನ್ನುವುದು ದಿನದಿಂದ ದಿನಕ್ಕೆ ಸಣ್ಣದಾಯಿತು, ಆಮೇಲೆ ನಿಂತೇಹೋಯಿತು. ಜ್ವರ ಏರಿದ ಮೇಲೆ ಆಸ್ಪತ್ರೆಗೆ ಕರೆದುಕೊಂಡು ಹೋದ. ಹೊಟ್ಟೆಯೊಳಗೆ ಪಿತ್ತಕೋಶ ಬಾತು ಒಡೆದು, ಕೀವು ಎಲ್ಲ ಕಡೆ ಹರಡಿತ್ತು. ಇಷ್ಟು ದಿನ ಇವರು ನೋವು ಅಂತ ಹೇಳಲೇ ಇಲ್ಲವೇ ಎಂದು ಡಾಕ್ಟರು ಕೇಳಿದರು. ಡಾಕ್ಟರು ಹೊಸಬರು, ಅವರಿಗೆ ಗೊತ್ತಿರಲಿಲ್ಲ.

ಅಕ್ಕ ಆ ವಾರ್ಡಿನಲ್ಲೇ ಹೋದಳು. ಛತ್ರಿ ಪಕ್ಕದಲ್ಲಿದ್ದ. ಕೊನೆಯಲ್ಲಿ ಅವಳ ಎಡಗೈ ಹಾಸಿಗೆಯ ಮೇಲೆ ಚಪ್ಪಟೆಯಾಗಿ ಬಿದ್ದು, ಬೆರಳು ಏನನ್ನೋ ತಡಕುತ್ತಿತ್ತಂತೆ. ಬೋರ್ಡು ಮನೆಯಲ್ಲಿ ಉಳಿದಿತ್ತು. ಅವನು ತನ್ನ ಅಂಗೈಯನ್ನು ಅದರ ಕೆಳಗಿಟ್ಟ.

ನಾನು ಕೆಲವು ತಿಂಗಳು ಬಿಟ್ಟು ಅವನನ್ನು ನೋಡಲು ಹೋದೆ. ಒಂದು ಫೋಟೋ ಅಂಗಡಿಯಲ್ಲಿ ಕೆಲಸಕ್ಕೆ ಹೋಗುತ್ತಿದ್ದ. ಗುರುತಿನ ಚೀಟಿಯ ಫೋಟೋಗಳಲ್ಲಿ ಜನರ ಹಿಂದಿರುವುದನ್ನೆಲ್ಲ ಅಳಿಸಿ ಬಿಳಿ ಮಾಡುವ ಕೆಲಸ. ಅಕ್ಕನ ಮಂಚವನ್ನು ಯಾರಿಗೋ ಕೊಟ್ಟಿದ್ದ. ಅದರ ಕಾಲುಗಳಿದ್ದ ಕಡೆ ನೆಲದ ಮೇಲೆ ಗುರುತು ಹಾಗೇ ಇತ್ತು. ಮೇಡಂ ಬಂದು ಆ ಫಾಂಟನ್ನು ಕೇಳಿದ್ದರಂತೆ, ಎಲ್ಲರ ಸ್ಥಿತಿ ಅಕ್ಕನ ಹಾಗಿರುವುದಿಲ್ಲ, ಕೆಲವರಿಗೆ ಚಿತ್ರಗಳಿಂದ ನಿಜವಾಗಿ ಉಪಯೋಗವಾಗುತ್ತದೆ ಎಂದು. ಅಳಿಸಿಹಾಕಿದೆ ಎಂದು ಇವನು ಹೇಳಿ ಕಳಿಸಿದ್ದ. ಸುಳ್ಳಲ್ಲ, ಅಳಿಸಿಯೇ ಹಾಕಿದ್ದ. ಮತ್ತೆ ಬರೆದುಕೊಡಬಹುದಲ್ಲ ಅಂದೆ. ಕೈ ಬರುವುದಿಲ್ಲ ಅಂದ.

ಕೆಳಗೆ ಹೊಲಿಗೆ ಯಂತ್ರ ಓಡುತ್ತ ನಿಲ್ಲುತ್ತ ಇತ್ತು. ಎದ್ದು ಹೊರಡಬೇಕು ಅನ್ನುವಾಗ ಅವನು ಬಾಯಿಬಿಟ್ಟ.

“ನಾನು ಆ ಬೋರ್ಡ್ ಮಾಡದೇ ಇದ್ದಿದ್ರೆ, ನೋವಾದಾಗ ಅವಳು ಹೊಟ್ಟೆ ಮೇಲೆ ಕೈ ಇಟ್ಕೊಂಡಿರ್ತಿದ್ಲು. ಯಾರಾದ್ರೂ ಹಾಗೇ ತಾನೇ ಮಾಡೋದು? ಕೈ ಬೇರೆ ಕಡೆ ಇಡಬೇಕು ಅಂತ ನಾನೇ ಕಲಿಸಿದ್ದು.”

ನಾನು ಚಪ್ಪಲಿ ಮೆಟ್ಟಿಕೊಂಡೆ. ಮೆಟ್ಟಿಲಿನ ದೀಪ ಕೆಟ್ಟಿತ್ತು. ಕೋಣೆಯ ಬೆಳಕು ಬೀಳಲೆಂದು ಅವನು ಬಾಗಿಲನ್ನು ಪೂರ್ತಿ ತೆರೆದು ಹಿಡಿದ. ನಾನು ಬೀದಿಗೆ ಇಳಿಯುವವರೆಗೂ ಹಾಗೇ ಹಿಡಿದು ನಿಂತಿದ್ದ, ಆಮೇಲೆ ಮುಚ್ಚಿಕೊಂಡ.